ಸಿಪಾಹಿಮಲಾನಿ, ಜೇಠಿ ತುಲಸಿದಾಸ

ಸಿಂಧ್ ಪ್ರಾಂತ್ಯದ ಕಾಂಗ್ರೆಸ್ ನಾಯಕಿ, ಅಲ್ಲಿನ ವಿಧಾನಸಭೆಯ ಉಪಸಭಾಧ್ಯಕ್ಷೆ. ದೇಶ ಇಬ್ಭಾಗವಾದ ಮೇಲೆ ನಿರಾಶ್ರಿತೆಯಾಗಿ ಮುಂಬಯಿಗೆ ಬಂದು, ತಮ್ಮಂತೆಯೇ ನೆಲೆ ಕಳೆದುಕೊಂಡ ಸಿಂಧಿಗಳಿಗಾಗಿ ನವಜೀವನ ಸಹಕಾರಿ ಗೃಹನಿರ್ಮಾಣ ಸಂಘವನ್ನು ಕಟ್ಟಿದರು. ಮುಂದೆ ಮುಂಬಯಿ ವಿಧಾನ ಪರಿಷತ್ತಿನ ಉಪಸಭಾಪತಿಯೂ ಆದರು. ವಿಭಜನೆಯ ಚರಿತ್ರೆಯನ್ನು ನಾವು ಹೆಚ್ಚಾಗಿ ಪಂಜಾಬ್ ಮತ್ತು ಬಂಗಾಳಗಳ ಮೂಲಕ ಓದಿದ್ದೇವೆ. ಅದರಿಂದಾಗಿ ಜೇಠಿಬಾಯಿಯವರ ಹೆಸರು ಸಿಂಧಿ ಸಮಾಜದ ಹೊರಗೆ ಬಹುತೇಕ ಕೇಳಿಬಂದಿಲ್ಲ. ಕಲ್ಯಾಣ, ಠಾಣೆ, ಚೆಂಬೂರುಗಳ ಇಂದಿನ ರೂಪವನ್ನು ಅರಿಯಬೇಕಾದರೆ ಈ ಹೆಸರನ್ನು ಬಿಟ್ಟು ಮುಂದೆ ಹೋಗಲಾಗದು.

ಇವರ ಊರು ಸಿಂಧಿನ ಹೈದರಾಬಾದು. ಸರಕಾರಿ ನೌಕರಿ ಮತ್ತು ವಿದ್ಯಾಭ್ಯಾಸದಲ್ಲಿ ಮುಂದಿದ್ದ ಅಲ್ಲಿನ ಆಮಿಲ ಕುಟುಂಬಗಳು ಹೆಣ್ಣುಮಕ್ಕಳನ್ನು ಬೇಗನೆ ಶಾಲೆಗೆ ಕಳಿಸಿದವು. 1847ರಿಂದ ಸಿಂಧ್ ಮುಂಬಯಿ ಪ್ರಾಂತ್ಯದ ಭಾಗವಾಗಿತ್ತು. ಅಂದರೆ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದ ಕನ್ನಡಿಗರೂ ಕರಾಚಿ, ಹೈದರಾಬಾದಿನ ಸಿಂಧಿಗಳೂ ಒಂದೇ ಪ್ರಾಂತ್ಯದ ಪ್ರಜೆಗಳಾಗಿದ್ದರು. 1936ರ ಏಪ್ರಿಲ್ 1ರಂದು ಸಿಂಧ್ ಬೇರೆ ಪ್ರಾಂತ್ಯವಾಯಿತು. 1935ರ ಕಾಯಿದೆಯ ಪ್ರಕಾರ ಅದರ ವಿಧಾನಸಭೆಗೆ 60 ಸ್ಥಾನಗಳಿದ್ದು, ಎರಡನ್ನು ಮಾತ್ರ ಮಹಿಳೆಯರಿಗೆ ಮೀಸಲಿಡಲಾಗಿತ್ತು. 1937ರ ಚುನಾವಣೆಯಿಂದ ರೂಪುಗೊಂಡ ಆ ಸಭೆಯಲ್ಲಿ ಜೇಠಿಬಾಯಿ ಸದಸ್ಯೆಯಾಗಿ, ಬಳಿಕ ಉಪಸಭಾಧ್ಯಕ್ಷೆಯಾಗಿ ಕೆಲಸ ಮಾಡಿದರು. ಗಂಡಸರೇ ತುಂಬಿದ್ದ ಸಭೆಯನ್ನು ಪೀಠದ ಮೇಲೆ ಕೂತು ನಡೆಸಿದ ಅನುಭವ, ಮುಂದೆ ಸರಕಾರಿ ಕಚೇರಿಗಳಲ್ಲಿ ನಿರಾಶ್ರಿತರ ಪರವಾಗಿ ವಾದಿಸುವಾಗ ಅವರ ಕೈಹಿಡಿದಿರಲೇಬೇಕು.

ಸಿಂಧಿನ ಹಿಂದೂಗಳು 1947ರ ಆಗಸ್ಟಿನಲ್ಲಿ ಒಮ್ಮೆಲೇ ಊರು ಬಿಡಲಿಲ್ಲ. ಪಂಜಾಬಿನಂಥ ಹತ್ಯಾಕಾಂಡ ಅಲ್ಲಿ ನಡೆದಿರಲಿಲ್ಲ. ಪ್ರಾಂತ್ಯ ಇಡಿಯಾಗಿ ಪಾಕಿಸ್ತಾನಕ್ಕೆ ಸೇರಿದ್ದರಿಂದ, ಪರಿಸ್ಥಿತಿ ತಿಳಿಯಾದೀತೆಂದು ಕಾದು ನೋಡಿದವರೇ ಹೆಚ್ಚು. 1948ರ ಜನವರಿ 6ರಂದು ಕರಾಚಿಯಲ್ಲಿ ನಡೆದ ಗಲಭೆ ಆ ಆಸೆಯನ್ನು ಕೊನೆಗಾಣಿಸಿತು. ಕರಾಚಿ ಬಂದರಿನಿಂದ ಹಡಗು ಹಿಡಿದು ಮುಂಬಯಿಗೆ, ಗುಜರಾತಿನ ಬಂದರುಗಳಿಗೆ ಜನ ಬಂದಿಳಿದರು. ಪಂಜಾಬು, ಬಂಗಾಳಗಳಿಂದ ಬಂದವರಿಗೆ ಈ ಬದಿಯಲ್ಲಿ ತಮ್ಮ ಭಾಷೆಯಾಡುವ ಅರ್ಧ ಪ್ರಾಂತ್ಯವಾದರೂ ಉಳಿದಿತ್ತು. ಸಿಂಧಿಗಳಿಗೆ ಅದೂ ಇರಲಿಲ್ಲ. ಜೇಠಿಬಾಯಿಯವರ ಮುಂದಿನ ಕೆಲಸವನ್ನೆಲ್ಲ ಈ ಹಿನ್ನೆಲೆಯಲ್ಲಿಟ್ಟೇ ನೋಡಬೇಕು.

ಬಂದವರನ್ನು ಸರಕಾರ ಮುಖ್ಯವಾಗಿ ಎರಡನೆಯ ಮಹಾಯುದ್ಧದ ಕಾಲದ ಸೇನಾ ಶಿಬಿರಗಳಿಗೆ ಕಳಿಸಿತು. ಇವುಗಳಲ್ಲಿ ಬಹಳ ದೊಡ್ಡದು ಠಾಣೆ ಜಿಲ್ಲೆಯ ಕಲ್ಯಾಣ ಶಿಬಿರ. ಐದು ಕ್ಯಾಂಪುಗಳಾಗಿ ಹರಡಿದ್ದ ಅಲ್ಲಿ ತೊಂಬತ್ತು ಸಾವಿರಕ್ಕೂ ಹೆಚ್ಚು ಮಂದಿ ನೆಲೆಸಿದರು. ಸೈನಿಕರಿಗಾಗಿ ಕಟ್ಟಿದ ಉದ್ದನೆಯ ಬ್ಯಾರಕ್ಕುಗಳಲ್ಲಿ ಒಂದು ಸಂಸಾರಕ್ಕೂ ಇನ್ನೊಂದಕ್ಕೂ ನಡುವೆ ಗೋಣಿತಟ್ಟೋ ಹಳೆಯ ಸೀರೆಯೋ ಅಡ್ಡ. ಆಚೆಯವರ ಕೆಮ್ಮು, ಜಗಳ, ಬಾಣಂತಿಯ ನರಳಾಟ ಎಲ್ಲವೂ ಈಚೆಗೆ ಕೇಳುತ್ತಿತ್ತು. ನೀರಿಗೆ ಸಾಲು, ಪಡಿತರಕ್ಕೆ ಸಾಲು, ಕಕ್ಕಸಿಗೂ ಸಾಲು. ಹವೇಲಿಗಳ ಒಳಮನೆಯಲ್ಲಿ ಬೆಳೆದ ಹೆಂಗಸರು ಇಲ್ಲಿ ದುಡಿಮೆಗಿಳಿದರು. ಉದ್ದಿನ ಹಿಟ್ಟಿಗೆ ಮೆಣಸು, ಜೀರಿಗೆ ಸೇರಿಸಿ, ಕುಟ್ಟಿ ಹದಮಾಡಿ, ಕಾಗದದಷ್ಟು ತೆಳ್ಳಗೆ ಲಟ್ಟಿಸಿ ಮಂಚದ ಮೇಲೆ ಒಣಗಿಸಿದ ಹಪ್ಪಳ, ಜೊತೆಗೆ ಉಪ್ಪಿನಕಾಯಿ, ಹೊಲಿಗೆ. ಮನೆಗೆ ಬಂದವರಿಗೆ ಹಪ್ಪಳ, ನೀರು ಕೊಡುವುದು ಸಿಂಧಿಗಳ ಪದ್ಧತಿ. ಆ ಹಪ್ಪಳವೇ ಈಗ ಮಾರಾಟದ ಸರಕಾಗಿ ಲೋಕಲ್ ರೈಲುಗಳಲ್ಲಿ, ಮುಂಬಯಿಯ ಬೀದಿಗಳಲ್ಲಿ ಹೊಟ್ಟೆ ಹೊರೆಯಿತು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಇಲ್ಲಿ ಹೊಸ ಪಟ್ಟಣಕ್ಕೆ ಅಡಿಗಲ್ಲಿಟ್ಟರು. ಉಲ್ಹಾಸ್ ನದಿಯಿಂದಾಗಿ ಅದು ಉಲ್ಹಾಸನಗರವಾಯಿತು. ಕಲ್ಯಾಣ ದಾಟಿ ಪುಣೆಯ ಕಡೆ ಹೊರಟ ರೈಲಿನಲ್ಲಿ ಕೂತ ಕನ್ನಡಿಗರು ಇಂದಿಗೂ ವಿಠ್ಠಲವಾಡಿಯ ನಂತರ ಈ ಊರನ್ನು ಹಾದೇ ಹೋಗುತ್ತಾರೆ. ಅಲ್ಲಿನವರು ವಿಳಾಸ ಹೇಳುವಾಗ ಈಗಲೂ ‘ಕ್ಯಾಂಪ್ ನಂಬರ್ ನಾಲ್ಕು’ ಎಂದೇ ಹೇಳುವುದು.

ಶಿಬಿರದಲ್ಲಿದ್ದಷ್ಟು ದಿನ ಮನುಷ್ಯ ಸರಕಾರದ ಪಟ್ಟಿಯೊಳಗಿನ ಒಂದು ಹೆಸರು. ಪಡಿ ನಿಂತರೆ ಊಟ ನಿಲ್ಲುತ್ತದೆ, ಜಾಗ ಖಾಲಿಮಾಡೆಂದರೆ ಮಾಡಬೇಕು. ಈ ಸ್ಥಿತಿಯಿಂದ ಜನರನ್ನು ಬಿಡಿಸಲು ಜೇಠಿಬಾಯಿ ಹಿಡಿದ ದಾರಿ ಸಹಕಾರ. ನವಜೀವನ ಸಂಘದ ಮೂಲಕ ಮುಂಬಯಿ ಸೆಂಟ್ರಲ್ ಬಳಿಯ ಲ್ಯಾಮಿಂಗ್ಟನ್ ರಸ್ತೆ, ಮಾಹಿಮ್ ಮತ್ತು ಚೆಂಬೂರುಗಳಲ್ಲಿ ವಸತಿ ಸಮುಚ್ಚಯಗಳು ಎದ್ದವು. ಸಹಕಾರಿ ಗೃಹನಿರ್ಮಾಣದಲ್ಲಿ ಸದಸ್ಯ ಷೇರು ಕೊಳ್ಳುತ್ತಾನೆ, ಸಂಘ ನಿವೇಶನ ಮತ್ತು ಸಾಲ ತರುತ್ತದೆ, ಕಂತು ತೀರಿದಂತೆ ಮನೆಯ ಹಕ್ಕು ಭದ್ರವಾಗುತ್ತದೆ. ಬಾಡಿಗೆದಾರನೂ ಆಶ್ರಿತನೂ ಆಗಿರದೆ ಪಾಲುದಾರನಾಗಿ ಮಹಾಸಭೆಯಲ್ಲಿ ಮತ ಹಾಕುವ ಅಧಿಕಾರ ಅವನಿಗೆ ಬರುತ್ತದೆ. ಊರು ಕಳೆದುಕೊಂಡವರಿಗೆ ಗೋಡೆ, ಛಾವಣಿಯಷ್ಟೇ ಈ ಅಧಿಕಾರವೂ ಮುಖ್ಯವಾಗಿತ್ತು. ಬೇರೆ ಬೇರೆ ಊರುಗಳಿಂದ ಬಂದ ಸಂಸಾರಗಳು ಒಂದೇ ಆವರಣದಲ್ಲಿ ನೆಲೆಸಿದ್ದರಿಂದ ಮಕ್ಕಳ ನಾಲಿಗೆಯಲ್ಲಿ ಸಿಂಧಿಯೂ ಉಳಿಯಿತು.

ಈ ಮಾದರಿ ಮುಂಬಯಿಗೆ ಹೊಸದಲ್ಲ. 1915ರಲ್ಲಿ ಗಾಂವದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಸ್ಥಾಪನೆಯಾಗಿತ್ತು. ಅದರ ಹಿಂದಿದ್ದವರು ರಾವ್ ಬಹದ್ದೂರ್ ಶ್ರೀಪಾದ ಸುಬ್ರಾವ್ ತಾಲಮಕಿ. ಕೆನರಾ ಸೀಮೆಯಿಂದ ಕೆಲಸ ಹುಡುಕಿ ಬಂದ ಚಿತ್ರಾಪುರ ಸಾರಸ್ವತರಿಗೆ ನಗರದಲ್ಲಿ ಸೂರು ಸಿಗದಿದ್ದಾಗ ಅವರು ಕಂಡುಕೊಂಡ ಉಪಾಯವೇ ಮೂವತ್ತೈದು ವರ್ಷಗಳ ಅನಂತರ ಸಿಂಧಿ ನಿರಾಶ್ರಿತರ ನೆರವಿಗೆ ಬಂತು. ಒಂದು ವ್ಯತ್ಯಾಸ ದೊಡ್ಡದು. ತಾಲಮಕಿಯವರ ಜನಕ್ಕೆ ಹಿಂದಿರುಗಲು ಊರಿತ್ತು, ಸಂಬಳವಿತ್ತು. ಜೇಠಿಬಾಯಿಯವರ ಜನರಲ್ಲಿ ಅನೇಕರ ಬಳಿ ಬಿಟ್ಟುಬಂದ ಆಸ್ತಿಯ ಕಾಗದ ಮಾತ್ರ ಇತ್ತು. ಅದಕ್ಕೆ ಪರಿಹಾರ ಕೊಡುವ ಕೇಂದ್ರ ಕಾಯಿದೆ ಬಂದದ್ದು 1954ರಲ್ಲಿ.

ಈ ಸಾಧನೆಗೆ ಒಂದು ಮಿತಿಯಿತ್ತೆಂಬುದನ್ನೂ ಹೇಳಲೇಬೇಕು. ಷೇರಿನ ಹಣ ಹೊಂದಿಸಬಲ್ಲ, ಕಂತು ಕಟ್ಟಬಲ್ಲ ಮಧ್ಯಮ ವರ್ಗಕ್ಕೆ ಸಹಕಾರಿ ಸಂಘ ಬಾಗಿಲು ತೆರೆಯಿತು. ಹಪ್ಪಳ ಮಾರಿ ದಿನ ದೂಡುತ್ತಿದ್ದ ಬ್ಯಾರಕ್ಕಿನ ಹೆಂಗಸು ಅಲ್ಲೇ ಉಳಿದಳು. ಅದು ಜೇಠಿಬಾಯಿಯವರ ಕೊರತೆಯೆನ್ನುವುದು ನ್ಯಾಯವಲ್ಲ. ಒಂದು ಸಂಘದಿಂದ ಆಗದ ಕೆಲಸವದು, ಸರಕಾರ ಮಾಡಬೇಕಾಗಿದ್ದದ್ದು. ಇದೇ ಕಾಲದಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಸ್ಥಾಪಿಸಿ, ದೆಹಲಿಯ ಬಳಿಯ ಫರೀದಾಬಾದಿನಲ್ಲಿ ವಾಯವ್ಯ ಗಡಿಪ್ರಾಂತ್ಯದ ನಿರಾಶ್ರಿತರ ನಡುವೆ ದುಡಿದರು. ಇಬ್ಬರೂ ಸ್ವಾತಂತ್ರ್ಯ ಚಳವಳಿಯಿಂದ ಬಂದವರು, ಇಬ್ಬರೂ ದಾನಕ್ಕಿಂತ ಸಹಕಾರವನ್ನು ನಂಬಿದವರು. ಆದರೆ ಜೇಠಿಬಾಯಿ ಸ್ವತಃ ನಿರಾಶ್ರಿತೆ. ಜನರ ಅಹವಾಲನ್ನು ಹೊತ್ತು ಮಂತ್ರಿಗಳ ಬಳಿ ಹೋದಾಗ ತಮ್ಮ ಅಹವಾಲನ್ನೂ ಹೊತ್ತೇ ಹೋಗುತ್ತಿದ್ದರು.

1950ರ ದಶಕದಲ್ಲಿ ಇವರು ಮುಂಬಯಿ ವಿಧಾನ ಪರಿಷತ್ತಿನ ಉಪಸಭಾಪತಿಯಾದರು. 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿ ನಾಲ್ಕು ಕನ್ನಡ ಜಿಲ್ಲೆಗಳೂ ಇದ್ದವು. ಏಕೀಕರಣವಾಗಿ ಅವು ಮೈಸೂರು ರಾಜ್ಯಕ್ಕೆ ಬಂದವು, 1960ರ ಮೇ 1ರಂದು ಮಹಾರಾಷ್ಟ್ರ, ಗುಜರಾತ್‌ಗಳೂ ಬೇರೆಯಾದವು. ಭಾಷೆಗೊಂದು ರಾಜ್ಯ ಮೂಡುತ್ತಿದ್ದ ಆ ಹೊತ್ತಿನಲ್ಲಿ, ರಾಜ್ಯವೇ ಇಲ್ಲದ ಭಾಷೆಯ ಹೆಣ್ಣುಮಗಳೊಬ್ಬರು ಆ ಪೀಠದಲ್ಲಿದ್ದರೆಂಬುದು ಗಮನಿಸಬೇಕಾದ ಸಂಗತಿ. ಸಿಂಧಿಗೆ ಸಂವಿಧಾನದ ಮನ್ನಣೆ ಸಿಗಲು ಇನ್ನೂ ಕಾಯಬೇಕಾಯಿತು. 1967ರ ಏಪ್ರಿಲ್ 10ರಂದು ಅದು ಎಂಟನೆಯ ಅನುಸೂಚಿಗೆ ಸೇರಿತು. ಆ ಹೋರಾಟದಲ್ಲಿ ದನಿಯೆತ್ತಿದವರಲ್ಲಿ ಹೈದರಾಬಾದಿನಿಂದಲೇ ನಿರಾಶ್ರಿತೆಯಾಗಿ ಬಂದ ಲೇಖಕಿ ಪೋಪಟಿ ಹೀರಾನಂದಾನಿ (1924–2005) ಪ್ರಮುಖರು. ವರದಕ್ಷಿಣೆಯ ವಿರುದ್ಧವೂ ಬರೆದ ಅವರಿಗೆ ಆತ್ಮಕಥೆಗಾಗಿ 1982ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಮುಂಬಯಿ ಸೆಂಟ್ರಲ್, ಮಾಹಿಮ್, ಚೆಂಬೂರುಗಳಲ್ಲಿ ನವಜೀವನ ಸೊಸೈಟಿಗಳು ಅದೇ ಹೆಸರಿನಲ್ಲಿ ಇಂದಿಗೂ ಇವೆ. ಉಲ್ಹಾಸನಗರದ ಕಥೆ ಬೇರೆ. ಬ್ಯಾರಕ್ಕುಗಳ ಜಾಗದಲ್ಲಿ ಸಣ್ಣ ಕಾರ್ಖಾನೆ, ಬಟ್ಟೆ ಮಾರುಕಟ್ಟೆ, ಪೀಠೋಪಕರಣದ ಅಂಗಡಿಗಳು ತುಂಬಿದವು. ಮನೆಗಳು ಪರವಾನಗಿಯಿಲ್ಲದೆ ಮಹಡಿಯ ಮೇಲೆ ಮಹಡಿಯಾಗಿ ಏರಿದವು. ಅವನ್ನು ಸಕ್ರಮಗೊಳಿಸಲು ಮಹಾರಾಷ್ಟ್ರ ಸರಕಾರ ಆ ಒಂದು ಊರಿಗೆಂದೇ 2006ರಲ್ಲಿ ಕಾಯಿದೆ ಮಾಡಬೇಕಾಯಿತು.