ಕುದುರೆಯ ಕುಲ ಕೇಳಿದವರು

ನಮ್ಮ ದೊಡ್ಡಪ್ಪನಿಗೆ ರೇಸಿನ ಹುಚ್ಚು. ರೇಸ್ ಪುಸ್ತಕ ಹಿಡಿದು ಕೂತರೆ ಪ್ರತಿ ಕುದುರೆಯ ಅಪ್ಪ ಅಮ್ಮಂದಿರ ಹೆಸರನ್ನು ಜಾತಕ ನೋಡುವವರಂತೆ ಓದುತ್ತಿದ್ದರು. ‘ಕುದುರೆಗೂ ಕುಲಗೋತ್ರವೇ?’ ಎಂದು ನಾನು ನಗುತ್ತಿದ್ದೆ. ಆ ಕುಲಗೋತ್ರದ ವಿಚಾರಕ್ಕೇ ಇಂಗ್ಲೆಂಡ್ ಮತ್ತು ಅಮೆರಿಕದ ಕುದುರೆ ಸಾಕುವವರು ಮೂವತ್ತಾರು ವರ್ಷ ಮುನಿಸಿಕೊಂಡಿದ್ದರೆಂದು ತಿಳಿದದ್ದು ತಡವಾಗಿ.

ಮೂಲ ಇರುವುದು ನ್ಯೂಯಾರ್ಕಿನಲ್ಲಿ. ರೇಸಿನ ಜೂಜನ್ನು ನಿಲ್ಲಿಸಲೇಬೇಕೆಂದು 1908ರಲ್ಲಿ ಗವರ್ನರ್ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಪಟ್ಟು ಹಿಡಿದರು. ಪಾದ್ರಿಗಳೂ ಸುಧಾರಕರೂ ಬೆನ್ನಿಗಿದ್ದರು. ಸೆನೆಟ್‌ನಲ್ಲಿ ಒಂದೊಂದು ಮತಕ್ಕೂ ಎಳೆದಾಟ. ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದ ಸೆನೆಟರ್ ಆಟೋ ಫೋಲ್ಕರ್ ಎದ್ದು ಬಂದು ಮತ ಹಾಕಿದ ಮೇಲೆ 26–25ರಲ್ಲಿ ಹಾರ್ಟ್–ಆಗ್ನ್ಯೂ ಕಾಯಿದೆ ಗೆದ್ದಿತು.

ಬುಕ್ಕಿಗಳು ಬಗ್ಗಲಿಲ್ಲ. ಚೀಟಿ ಬಿಟ್ಟು ಬಾಯಿಮಾತಿನಲ್ಲೇ ಬಾಜಿ ಕಟ್ಟಿಸಿಕೊಂಡರು. 1910ರಲ್ಲಿ ಮತ್ತೊಂದು ಕಾಯಿದೆ ಬಂತು: ಮೈದಾನದಲ್ಲಿ ಬಾಜಿ ನಡೆದರೆ ರೇಸ್‌ಕೋರ್ಸಿನ ನಿರ್ದೇಶಕರೇ ಹೊಣೆ. ಅವರು ಬಾಗಿಲನ್ನೇ ಮುಚ್ಚಿದರು. 1911, 1912ರಲ್ಲಿ ನ್ಯೂಯಾರ್ಕಿನಲ್ಲಿ ರೇಸೇ ನಡೆಯಲಿಲ್ಲ. ಹೆಸರಾಂತ ಸಾರಟೋಗ ಕೂಡ ಖಾಲಿ.

ಬುಕ್ಕಿ ಬೇರೆ ಊರು ನೋಡಿಕೊಳ್ಳಬಹುದು. ಲಾಯದ ಕುದುರೆಗೆ ದಿನವೂ ಮೇವು ಹಾಕಲೇಬೇಕು. ಬೆಲೆ ಕುಸಿಯಿತು. ಆ ಕೆಲವೇ ವರ್ಷಗಳಲ್ಲಿ 1,500ಕ್ಕೂ ಹೆಚ್ಚು ಅಮೆರಿಕನ್ ಕುದುರೆಗಳು ಹಡಗು ಹತ್ತಿ ಹೊರದೇಶ ಸೇರಿದವು.

ಇಂಗ್ಲೆಂಡಿನ ತಳಿಗಾರರು ಬೆಚ್ಚಿದರು. 1913ರಲ್ಲಿ ಅಲ್ಲಿನ ವಂಶಾವಳಿ ಪುಸ್ತಕ ‘ಜನರಲ್ ಸ್ಟಡ್ ಬುಕ್’ಗೆ ಹೊಸ ನಿಯಮ ಸೇರಿತು. ತಂದೆತಾಯಿ ಎರಡೂ ಕಡೆಯ ವಂಶ ಹಳೆಯ ಸಂಪುಟಗಳವರೆಗೆ ತುಂಡಾಗದೆ ಹೋಗದಿದ್ದರೆ ಆ ಕುದುರೆ ಥರೋಬ್ರೆಡ್ ಅಲ್ಲ. ಲಾರ್ಡ್ ಜೆರ್ಸಿಯ ಹೆಸರಿನಿಂದ ಇದನ್ನು ‘ಜೆರ್ಸಿ ಆಕ್ಟ್’ ಎಂದು ಕರೆದರೂ ಪಾರ್ಲಿಮೆಂಟಿಗೂ ಇದಕ್ಕೂ ಸಂಬಂಧವಿಲ್ಲ. ಅಂತರ್ಯುದ್ಧ ಕಂಡ ಅಮೆರಿಕದಲ್ಲಿ ಎಷ್ಟೋ ವಂಶಗಳ ದಾಖಲೆ ಪೂರ್ತಿ ಇರಲಿಲ್ಲ. ಅಂಥ ಕುದುರೆ ಓಡಬಹುದಿತ್ತು, ಗೆಲ್ಲಬಹುದಿತ್ತು. ಹಣೆಪಟ್ಟಿ ಮಾತ್ರ ‘ಅರ್ಧತಳಿ’. ಮಡಿಯ ಮಾತು ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಯಮ ಬಂದ ಮರುವರ್ಷವೇ ಎಪ್ಸಮ್ ಡರ್ಬಿ ಗೆದ್ದದ್ದು ಅಂಥದೇ ಒಂದು ಕುದುರೆ, ದರ್ಬಾರ್. ಮಾಲೀಕ ಅಮೆರಿಕದ ಹರ್ಮನ್ ಡ್ಯೂರಿಯಾ. ತಾಯಿಯೂ ಅಮೆರಿಕನ್ ವಂಶದ್ದು. ಆ ರಕ್ತ ಫ್ರಾನ್ಸಿನಲ್ಲಿ ಬೆಳೆಯಿತು. ದರ್ಬಾರ್‌ನ ಮಗಳ ಮಗ ಟೂರ್ಬಿಯೋಂ, ಅವನ ಮಗ ಜೆಬೆಲ್, ಜೆಬೆಲ್‌ನ ಮಗ ಮೈ ಬಾಬು. 1948ರಲ್ಲಿ ಇಂಗ್ಲೆಂಡಿನ ‘2000 ಗಿನೀಸ್’ ಪಂದ್ಯ ಗೆದ್ದ ಈ ಮೈ ಬಾಬುವಿನ ಮಾಲೀಕರು ಬರೋಡಾದ ಮಹಾರಾಜ ಪ್ರತಾಪ್‌ಸಿಂಗ್ ಗಾಯಕ್‌ವಾಡ್! ಅದೇ ವರ್ಷ ಸೇಂಟ್ ಲೆಜರ್ ಗೆದ್ದ ಬ್ಲ್ಯಾಕ್ ಟಾರ್ಕ್ವಿನ್ ಕೂಡ ‘ಅರ್ಧತಳಿ’ಯೇ. ಗೆದ್ದವರನ್ನೆಲ್ಲ ಹೊರಗಿಟ್ಟ ಪುಸ್ತಕಕ್ಕೆ ಬೆಲೆಯೇನು? 1949ರಲ್ಲಿ ನಿಯಮ ಸಡಿಲಿಸಿದರು.

ಇಷ್ಟು ತಿಳಿದ ಮೇಲೂ ಹ್ಯೂಸ್‌ರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಅವರ ಕಾಯಿದೆ ಬುಕ್ಕಿಯನ್ನು ಬಿಟ್ಟು ಕುದುರೆಗೆ ತಗಲಿದ್ದು ನಿಜ. ಆದರೆ ದೊಡ್ಡಮ್ಮನ ಬಳೆಗಳು ಎರಡು ಸಲ ಗಿರವಿ ಅಂಗಡಿಗೆ ಹೋದದ್ದನ್ನು ನಾನು ಕಂಡಿದ್ದೇನೆ. ಎರಡನೆಯ ಸಲ ಅವು ವಾಪಸು ಬರಲಿಲ್ಲ. ಅಂದು ಸೆನೆಟ್‌ನಲ್ಲಿ ಕೂತಿದ್ದರೆ ದೊಡ್ಡಮ್ಮ ಯಾರಿಗೆ ಮತ ಹಾಕುತ್ತಿದ್ದರೆಂದು ನನಗೆ ಚೆನ್ನಾಗಿ ಗೊತ್ತು.