ಸಾಣೆಯ ಹುಡಿ

ಕತ್ತಿಯ ಚರಿತ್ರೆಯೆಂದರೆ ಉಕ್ಕಿನ ಚರಿತ್ರೆಯೆಂದೇ ನಾವು ಭಾವಿಸುವುದು ವಾಡಿಕೆ. ಆ ಉಕ್ಕನ್ನು ತೇದು ಅಲಗಾಗಿಸಿದ ಕಲ್ಲಿಗೂ ಒಂದು ಚರಿತ್ರೆಯುಂಟು. ಮನುಷ್ಯರ ಆಯುಸ್ಸಿನ ಲೆಕ್ಕವೂ ಅದರಲ್ಲಿ ಸೇರಿದೆ.

ಇಂಗ್ಲೆಂಡಿನ ಷೆಫೀಲ್ಡ್ ಪಟ್ಟಣವನ್ನು ನೋಡೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಸಾಣೆಗಾರರು ತಿರುಗುವ ಮರಳುಗಲ್ಲಿನ ಮೇಲೆ ಬಾಗಿ ಕುಳಿತು ಚಾಕುಗಳನ್ನೂ ಕ್ಷೌರದ ಕತ್ತಿಗಳನ್ನೂ ಮುಳ್ಳುಚಮಚಗಳನ್ನೂ ತೇಯುತ್ತಿದ್ದರು. ಕೆಲವು ಕೆಲಸಕ್ಕೆ ಕಲ್ಲನ್ನು ನೀರಿನಿಂದ ತೋಯಿಸುವರು. ಕೆಲವನ್ನು ಒಣಗಲ್ಲಿನ ಮೇಲೆಯೇ ಮಾಡುವರು. ಇಷ್ಟೇ ಭೇದ. ಆದರೆ 1830ರಲ್ಲಿ ಅಲ್ಲಿಯ ವೈದ್ಯರಾದ ಆರ್ನಾಲ್ಡ್ ನೈಟ್ ಅವರು ಬರೆದಿಟ್ಟಂತೆ, ಒಣಗಲ್ಲಿನಲ್ಲಿ ಮುಳ್ಳುಚಮಚ ತೇಯುವವರು 28ರಿಂದ 32ನೆಯ ವಯಸ್ಸಿನೊಳಗೆ ಮಡಿಯುತ್ತಿದ್ದರು. ಒದ್ದೆಗಲ್ಲಿನಲ್ಲಿ ಊಟದ ಚಾಕು ತೇಯುವವರು 40ರಿಂದ 50ರವರೆಗೆ ಬದುಕುತ್ತಿದ್ದರು. ಕಲ್ಲಿನ ಹುಡಿ ಉಸಿರಿನೊಡನೆ ಒಳಹೊಕ್ಕು ಶ್ವಾಸಕೋಶವನ್ನು ಗಡುಸಾಗಿಸುತ್ತಿದ್ದಿತು. ಸಾಣೆಗಾರರ ಉಬ್ಬಸವೆಂದು ಅದಕ್ಕೆ ಹೆಸರಾಯಿತು.

ಉಪಾಯಗಳು ಹುಟ್ಟದೆ ಇರಲಿಲ್ಲ. ಅದೇ ಪಟ್ಟಣದ ಜೆ. ಎಚ್. ಏಬ್ರಹಾಂ ಎಂಬವರು 1820ರ ಸುಮಾರಿಗೆ ಅಯಸ್ಕಾಂತದಿಂದ ಹುಡಿಯನ್ನು ಸೆಳೆಯುವ ಸಾಧನವನ್ನು ಮಾಡಿದರು. ಅಯಸ್ಕಾಂತ ಸೆಳೆಯುವುದು ಉಕ್ಕಿನ ಹುಡಿಯನ್ನು; ಕೊಲ್ಲುತ್ತಿದ್ದುದಾದರೋ ಕಲ್ಲಿನ ಹುಡಿ! ಮುಂದೆ ಧೂಳನ್ನು ಹೊರದೂಡುವ ಪಂಖಗಳು ಬಂದಾಗಲೂ ಅನೇಕ ಸಾಣೆಗಾರರು ಒಲ್ಲೆವೆಂದರು. ಹೆಚ್ಚು ಜನ ಹೆಚ್ಚು ಕಾಲ ಬದುಕಿದರೆ ಕೂಲಿ ಇಳಿದೀತೆಂಬ ಭಯ ಅವರದು. ಇದನ್ನು ಅಜ್ಞಾನವೆಂದು ತಳ್ಳಿಹಾಕಲು ನಮಗೆ ಮನಸ್ಸು ಬಾರದು. ಕೂಲಿ ಇಳಿದರೆ ಕೊರತೆಯಾಗುತ್ತಿದ್ದುದು ಮನೆಮಂದಿಯ ಅನ್ನಕ್ಕೆ.

ಕಲ್ಲೇ ಬದಲಾಗಬೇಕಾಯಿತು. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಜೇಡಿಯನ್ನೂ ಕೋಕನ್ನೂ ವಿದ್ಯುತ್ತಿನಿಂದ ಕಾಯಿಸಿ ಅತಿ ಕಠಿನವಾದ ಹರಳುಗಳನ್ನು ಪಡೆದನು. ಅದನ್ನು ಇಂಗಾಲವೂ ಕೊರಂಡಂ ಎಂಬ ಖನಿಜವೂ ಕೂಡಿದ ವಸ್ತುವೆಂದು ತಪ್ಪಾಗಿ ಎಣಿಸಿ, ಕಾರ್ಬೊರಂಡಂ ಎಂದು ಹೆಸರಿಟ್ಟನು. ಕೊರಂಡಂ ಎಂಬ ಮಾತಿನ ಮೂಲ ನಮ್ಮ ಕಡೆಯದೇ: ಅರಗಿನಲ್ಲಿ ಅದರ ಹುಡಿಯನ್ನು ಕಲಸಿ ಸಾಣೆಯ ಚಕ್ರ ಮಾಡುತ್ತಿದ್ದ ಭಾರತದ ಕುಶಲಿಗಳ ಕುರುಂದದ ಕಲ್ಲು. ಇಂಥ ಕೃತಕ ಚಕ್ರಗಳು ಮರಳುಗಲ್ಲಿನ ಸ್ಥಾನಕ್ಕೆ ಬಂದಂತೆಲ್ಲ ಉಬ್ಬಸದ ಹಾವಳಿ ಇಳಿಯಿತು.

ಹರಳನ್ನು ಪುಡಿಮಾಡಿ ಜರಡಿ ಹಿಡಿಯುವರು. ಜರಡಿಯ ಒಂದು ಅಂಗುಲದಲ್ಲಿ ಎಷ್ಟು ಕಣ್ಣುಗಳೋ ಅದೇ ಹುಡಿಯ ಸಂಖ್ಯೆ. ಸಂಖ್ಯೆ ಏರಿದಂತೆ ಹುಡಿ ನುಣುಪು. ಅದನ್ನು ಅಂಟಿಸಿದ ಕಾಗದವೇ ನಮ್ಮ ಬಡಗಿಗಳ ಉಪ್ಪುಕಾಗದ. ತಿರುಗುವ ತಟ್ಟೆಗೆ ಅದನ್ನು ಹಚ್ಚಿ ಅಲಗು ತೇಯುವವನು 60ರಿಂದ ಆಕಾರ ತಂದು, 120ಕ್ಕೆ, ಬಳಿಕ 220ಕ್ಕೆ ಏರುತ್ತಾನೆ. ಒಂದರ ಗೀರನ್ನು ಮುಂದಿನದು ಅಳಿಸಬೇಕು. ನಡುವಿನದನ್ನು ಬಿಟ್ಟವನಿಗೆ ಆಳವಾದ ಗೀರುಗಳು ಉಳಿಯುತ್ತವೆ. ಅವನ್ನು ನುಣುಪು ಹುಡಿಯಿಂದಲೇ ತೆಗೆಯಹೋದರೆ ಉಕ್ಕು ಕಾಯುತ್ತದೆ. 300 ಡಿಗ್ರಿ ಸೆಂಟಿಗ್ರೇಡಿನ ಸುಮಾರಿಗೆ ಅಲಗು ನೀಲಿಯಾಗಿ ಹದ ಕೆಡುವುದು. ತಟ್ಟೆಯ ಅಂಚು ನಡುವಿಗಿಂತ ವೇಗವಾಗಿ ಓಡುವುದರಿಂದ ಅಲ್ಲಿ ಈ ಅಪಾಯ ಹೆಚ್ಚು.

ಉಕ್ಕಿನ ಹುಡಿಯೂ ಎದೆಗೆ ಒಳ್ಳೆಯದಲ್ಲ. 1921ರಲ್ಲಿ ಅಮೆರಿಕದಲ್ಲಿ ನೀರಿಗೆ ಕರಗದ ಉಪ್ಪುಕಾಗದ ಮಾರಾಟಕ್ಕೆ ಬಂದಿತು. ಈಗಲೂ ಅನೇಕ ಕತ್ತಿಗಾರರು 220 ಮುಗಿದೊಡನೆ ಯಂತ್ರವನ್ನು ನಿಲ್ಲಿಸಿ, ಅಂಥ ಕಾಗದವನ್ನು ನೆನೆಸಿ, ಕೊನೆಯ ತೇಯ್ಮೆಯನ್ನು ಕೈಯಿಂದಲೇ ಮಾಡುತ್ತಾರೆ.