ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ: ಅಮೆರಿಕದ ಮೊದಲ ಕಪ್ಪುವರ್ಣೀಯ ಮಹಿಳಾ ಫೆಡರಲ್ ನ್ಯಾಯಾಧೀಶೆ

ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ (1921–2005) ಅಮೆರಿಕದ ಫೆಡರಲ್ ನ್ಯಾಯಾಧೀಶರಾದ ಮೊದಲ ಕಪ್ಪುವರ್ಣೀಯ ಮಹಿಳೆ. ಜನನ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ. 1946ರಲ್ಲಿ ಕೊಲಂಬಿಯಾ ವಿವಿಯಿಂದ ಕಾನೂನು ಪದವಿ.

ನಾಗರಿಕ ಹಕ್ಕುಗಳ ವಕೀಲೆಯಾಗಿ ಸುಪ್ರೀಂ ಕೋರ್ಟ್‌ನಲ್ಲಿ 10 ಪ್ರಕರಣ ವಾದಿಸಿ 9ರಲ್ಲಿ ಗೆದ್ದರು. ಕಪ್ಪುವರ್ಣೀಯ ಜೇಮ್ಸ್ ಮೆರೆಡಿತ್‌ಗೆ 1962ರಲ್ಲಿ ಮಿಸಿಸಿಪ್ಪಿ ವಿವಿ ಪ್ರವೇಶ ಸಿಕ್ಕಿದ್ದು ಇವರ ಕಾನೂನು ಹೋರಾಟದಿಂದಲೇ.

1966ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್, ಮಾಟ್ಲಿ ಅವರನ್ನು ನ್ಯೂಯಾರ್ಕ್‌ನ ಫೆಡರಲ್ ವಿಚಾರಣಾ ನ್ಯಾಯಾಲಯಕ್ಕೆ ನೇಮಿಸಿದರು. 1975ರಲ್ಲಿ ಕಾನೂನು ಸಂಸ್ಥೆಯೊಂದರ ವಿರುದ್ಧದ ಲಿಂಗ ತಾರತಮ್ಯ ಪ್ರಕರಣದಿಂದ ಹಿಂದೆ ಸರಿಯುವಂತೆ ಪ್ರತಿವಾದಿಗಳು ಕೋರಿದಾಗ ಅವರು ಒಪ್ಪಲಿಲ್ಲ. ಲಿಂಗ, ವರ್ಣವೇ ಅಡ್ಡಿ ಎನ್ನುವುದಾದರೆ ಇಲ್ಲಿನ ಯಾವ ನ್ಯಾಯಾಧೀಶರೂ ಈ ಪ್ರಕರಣ ಆಲಿಸುವಂತಿಲ್ಲ ಎಂಬುದು ಅವರ ಉತ್ತರ.

1978ರಲ್ಲಿ ಅವರು ನೀಡಿದ ತೀರ್ಪಿನಿಂದ ಯಾಂಕೀ ಸ್ಟೇಡಿಯಂನ ಲಾಕರ್ ರೂಮ್ ಮಹಿಳಾ ಕ್ರೀಡಾ ವರದಿಗಾರರಿಗೂ ತೆರೆಯಿತು. 1982ರಲ್ಲಿ ಅದೇ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾದರು.